ಪೂರ್ವಾಭಾದ್ರದ ನಡುವಿನ ಚುಕ್ಕಿ

ಕಾರ್ತಿಕದ ರಾತ್ರಿ, ಎಂಟು ಗಂಟೆ. ನೆತ್ತಿಯ ಮೇಲೆ ಪೂರ್ವಾಭಾದ್ರದ ಎರಡು ನಕ್ಷತ್ರ. ಅಮ್ಮನ ಜನ್ಮನಕ್ಷತ್ರ ಇದೇ. ಎರಡಕ್ಕೂ ಗೆರೆ ಎಳೆದರೆ ಹೆಚ್ಚುಕಡಿಮೆ ನಟ್ಟನಡುವೆ ಎಚ್‌ಆರ್ 8799 ಎಂಬ ನಕ್ಷತ್ರ. ಕಗ್ಗತ್ತಲಲ್ಲೂ ಬರಿಗಣ್ಣಿಗೆ ಕಂಡೂ ಕಾಣದಂಥದ್ದು. ಬೀದಿದೀಪದ ನಮ್ಮ ಮಾಳಿಗೆಯಲ್ಲಿ ಬೈನಾಕ್ಯುಲರ್ ಬೇಕೇ ಬೇಕು. ಸಿಕ್ಕಿತು ಅನ್ನುವಷ್ಟರಲ್ಲಿ ಕೈ ನಡುಗಿ ತಪ್ಪಿಹೋಯಿತು. ಚಾಪೆ ಹಾಸಿ ಮಲಗಿ ಮತ್ತೆ ಹುಡುಕಿದೆ. ಇದೆ.

ಈಗ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟು ಸುಮಾರು 133 ವರ್ಷ.

ಅದರ ಸುತ್ತ ನಾಲ್ಕು ಗ್ರಹ, ಒಂದೊಂದೂ ಗುರುವಿಗಿಂತ ಹಲವು ಪಟ್ಟು ಭಾರ. ಬಹುಪಾಲು ಹೊರಗ್ರಹಗಳನ್ನು ಯಾರೂ ನೇರವಾಗಿ ಕಂಡಿಲ್ಲ. ನಕ್ಷತ್ರ ತುಸು ಮಂಕಾಯಿತು, ತುಸು ಓಲಾಡಿತು, ಅಷ್ಟರಿಂದಲೇ ಲೆಕ್ಕ. ಇವು ಹಾಗಲ್ಲ. 2008ರಲ್ಲಿ ಹವಾಯಿಯ ಕೆಕ್, ಜೆಮಿನಿ ದೂರದರ್ಶಕಗಳು ಮೂರರ ಚಿತ್ರವನ್ನೇ ಹಿಡಿದವು. 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ಇವುಗಳ ವಯಸ್ಸು ಮೂರು-ನಾಲ್ಕು ಕೋಟಿ ವರ್ಷವಷ್ಟೆ. ಹುಟ್ಟಿನ ಕಾವು ಆರಿಲ್ಲ, ಆ ಕಾವಿನಿಂದಲೇ ಅವಕೆಂಪಿನಲ್ಲಿ ಹೊಳೆಯುತ್ತವೆ.

ನನ್ನ ನಿದ್ದೆಗೆಡಿಸಿದ್ದು ಬೇರೆ. ಹಬಲ್ ದೂರದರ್ಶಕ 1998ರಲ್ಲೇ ಈ ನಕ್ಷತ್ರದ ಚಿತ್ರ ತೆಗೆದಿತ್ತು. ಹೊಸ ವಿಧಾನದಲ್ಲಿ ನಕ್ಷತ್ರದ ಬೆಳಕನ್ನು ಅಳಿಸಿ ನೋಡಿದಾಗ ಆ ಹಳೆಯ ಚಿತ್ರದಲ್ಲೇ ಮೂರು ಗ್ರಹಗಳಿದ್ದವು! ಹತ್ತು ವರ್ಷ ಯಾರೂ ಕಂಡಿರಲಿಲ್ಲ. ಹಾಗಾದರೆ ಕಂಡದ್ದು ಯಾವಾಗ? ಚಿತ್ರ ತೆಗೆದಾಗಲೋ, ಅಳಿಸಿದಾಗಲೋ?

ಕೆಕ್‌ನ ಏಳು ವರ್ಷದ ಚಿತ್ರಗಳನ್ನು ಜೋಡಿಸಿ ಖಗೋಳವಿಜ್ಞಾನಿ ಜೇಸನ್ ವಾಂಗ್ ಮಾಡಿದ ಕಿರುಚಿತ್ರ ಮತ್ತೆ ನೋಡಿದೆ. ನಡುವೆ ನಕ್ಷತ್ರದ ಬೆಳಕು ಅಳಿಸಿದ ಕಪ್ಪು ಬಿಲ್ಲೆ, ಸುತ್ತ ನಾಲ್ಕು ಚುಕ್ಕಿ. ಒಳಗಿನದು ಚೆನ್ನಾಗಿಯೇ ಸರಿಯುತ್ತದೆ, ಅದರ ಒಂದು ಸುತ್ತು ಸುಮಾರು 45 ವರ್ಷ. ಅತಿ ಹೊರಗಿನದರ ಪಕ್ಕ ಉಗುರಿಟ್ಟು ಕಾದೆ. ಉಗುರಿನಂಚು ದಾಟಿತೋ ಇಲ್ಲವೋ, ಚಿತ್ರ ಮುಗಿಯಿತು.

ಒಳಗಿನಿಂದ ಹೊರಕ್ಕೆ ಒಂದೊಂದರ ವರ್ಷ ಹಿಂದಿನದರ ಸರಿಸುಮಾರು ಇಮ್ಮಡಿ. ಈ ತಾಳ ಕಾದುಕೊಂಡದ್ದರಿಂದಲೇ ಇಷ್ಟು ಭಾರದವು ಒಂದನ್ನೊಂದು ಹೊರದಬ್ಬದೆ ಉಳಿದಿರಬೇಕು.

2025ರಲ್ಲಿ ವೆಬ್ ದೂರದರ್ಶಕ ಇವುಗಳ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಕಂಡಿತು. ಅಂದರೆ ಭಾರದ ಧಾತುಗಳು ಧಾರಾಳವಾಗಿವೆ; ಗುರುವಿನಂತೆ ಮೊದಲು ಗಟ್ಟಿ ತಿರುಳು ಕಟ್ಟಿ, ಆಮೇಲೆ ಅನಿಲ ಎಳೆದುಕೊಂಡು ಬೆಳೆದಿರಬೇಕು. ಆದರೆ ಹೊರಗಿನದು ಇರುವುದು ಭೂಮಿ-ಸೂರ್ಯರ ನಡುವಿನ ದೂರದ ಸುಮಾರು 70 ಪಟ್ಟು ಆಚೆ. ಅಲ್ಲಿ ದೂಳು ವಿರಳ, ಅನಿಲವೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಷ್ಟು ಬೇಗ ತಿರುಳು ಕಟ್ಟಿದ್ದು ಹೇಗೆ?

ಅದರ ಒಂದು ಸುತ್ತಿಗೆ ಸುಮಾರು 460 ವರ್ಷ. ಹಬಲ್ ಚಿತ್ರ ತೆಗೆದು ಕಾಲು ಶತಮಾನ ದಾಟಿದರೂ ಹದಿನಾರರಲ್ಲೊಂದು ಪಾಲು ಸಾಗಿದ್ದರೆ ಹೆಚ್ಚು.