ಅತ್ತೆಯ ಮೂರು ಚೆಂಡು

ಹೋದ ವರ್ಷ ನಮ್ಮತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತಲ್ಲ, ಆಗ ನೋಡೋಕೆ ಬಂದವರೆಲ್ಲ ಒಂದೇ ಮಾತು ಕೇಳಿದ್ರಿ. "ಹೊಟ್ಟೆ ಆಪರೇಷನ್‌ಗೆ ಶ್ವಾಸಕೋಶ ಯಾಕೆ ಕೆಡ್ತು?" ಅಂತ. ಆಗ ನನಗೂ ಸರಿಯಾಗಿ ಹೇಳೋಕೆ ಬರ್ಲಿಲ್ಲ. ಈಗ ಎದುರುಮನೆಯವರ ಅಮ್ಮನಿಗೂ ಮುಂದಿನ ವಾರ ಹರ್ನಿಯಾ ಆಪರೇಷನ್ ಅಂತೆ. ಅದಕ್ಕೇ ಕೂತು ಬರೀತಿದ್ದೀನಿ. ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡಲ್ಲ.

ಅತ್ತೆಗೆ 76 ವರ್ಷ. ಯಲಹಂಕದ ಹಳೇ ಮನೆಯಲ್ಲಿ ಸೌದೆ ಒಲೆ ಊದಿ ಊದಿ ಅರ್ಧ ಆಯುಸ್ಸು ಕಳೆದವರು, ಕೆಮ್ಮು ಮೊದಲಿಂದಲೂ ಇತ್ತು. ಸಣ್ಣ ತೂತಿನಲ್ಲಿ ಮುಗಿಯೋ ಆಪರೇಷನ್ ಅವರಿಗೆ ಆಗ್ಲಿಲ್ಲ, ಬಲಗಡೆ ಪಕ್ಕೆಲುಬಿನ ಕೆಳಗೆ ಕೊಯ್ದೇ ಮಾಡಿದ್ರು. ಆಮೇಲೆ ಅವರು ಉಸಿರನ್ನೇ ಜಿಪುಣತನದಿಂದ ಬಿಡ್ತಿದ್ರು. "ಕೆಮ್ಮಿದ್ರೆ ಹೊಲಿಗೆ ಕಿತ್ಕೊಂಡು ಓಯ್ತದೆ ಕಣಮ್ಮಿ" ಅನ್ನೋರು. ನಾನೂ "ಬೇಡ ಅತ್ತೆ, ಕೆಮ್ಮಬೇಡಿ, ಅಲ್ಲಾಡಬೇಡಿ" ಅಂತ ಅಂಗಾತ ಮಲಗಿಸಿ ಹೊದಿಕೆ ಹೊದಿಸ್ತಿದ್ದೆ. ಆಪರೇಷನ್ ಹಿಂದಿನ ದಿನ ಮೂರು ಚೆಂಡಿರೋ ಪ್ಲಾಸ್ಟಿಕ್ ಸಾಮಾನು ಕೊಟ್ಟು, "ಇದರಲ್ಲಿ ಉಸಿರಾಟ ಮಾಡಿಸಿ" ಅಂದಿದ್ರು. ಮಕ್ಕಳ ಆಟದ ಸಾಮಾನು ಥರ ಕಾಣ್ತು. ಫ್ಲಾಸ್ಕ್ ಜೊತೆ ಚೀಲಕ್ಕೆ ಹಾಕಿ ಮರೆತೇಬಿಟ್ಟೆ.

ಎರಡನೇ ರಾತ್ರಿ ಅತ್ತೆ ಉಸಿರು ಮೇಲುಮೇಲಕ್ಕೆ, ಚಿಕ್ಕಚಿಕ್ಕದಾಗಿ ಬರೋಕೆ ಶುರುವಾಯ್ತು. ಬೆರಳಿಗೆ ಹಾಕೋ ಕ್ಲಿಪ್ಪಲ್ಲಿ 88 ತೋರಿಸ್ತು. ಕೊರೋನಾ ಕಾಲದಲ್ಲಿ ನಾವೆಲ್ಲ ಕಲಿತಿದ್ವಲ್ಲ, 95ರ ಮೇಲಿರಬೇಕು ಅಂತ. ನನ್ನ ಕೈಕಾಲು ತಣ್ಣಗಾಯ್ತು. ಸಿಸ್ಟರ್ ಓಡಿ ಬಂದು ಮೊದಲು ಎತ್ತಿ ಕೂರಿಸಿದ್ರು, ಆಕ್ಸಿಜನ್ ಹಾಕಿದ್ರು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಬಲಗಡೆ ಕೆಳಗೆ ಉಸಿರಿನ ಸದ್ದು ಕಮ್ಮಿ ಇದೆ ಅಂದ್ರು. ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣಬೇಕಾದ ಜಾಗ ಬೆಳ್ಳಗಿತ್ತು. "ಅಟೆಲೆಕ್ಟಾಸಿಸ್. ಶ್ವಾಸಕೋಶದ ಒಂದು ಭಾಗ ಮುದುಡಿಕೊಂಡಿದೆ" ಅಂದ್ರು. ನಾನು ಅಲ್ಲೇ ಅತ್ತುಬಿಟ್ಟೆ.

ನನಗೆ ಅರ್ಥವಾಗಿದ್ದು ಹೀಗೆ. ನಂದಿನಿ ಹಾಲಿನ ಖಾಲಿ ಕವರ್ ತೊಳೆದು ಇಟ್ರೆ ಎರಡು ಪದರ ಒಂದಕ್ಕೊಂದು ಅಂಟ್ಕೊಳ್ಳುತ್ತಲ್ಲ? ಶ್ವಾಸಕೋಶದಲ್ಲಿ ಅಂಥ ಕೋಟಿಗಟ್ಟಲೆ ಪುಟಾಣಿ ಗಾಳಿ ಚೀಲಗಳಿವೆ. ಚೆನ್ನಾಗಿ ಉಸಿರೆಳೆದ್ರೆ ಬಿಚ್ಕೊಂಡಿರ್ತವೆ, ಇಲ್ಲದಿದ್ರೆ ಅಂಟ್ಕೊಳ್ತವೆ. ಆ ಭಾಗದಲ್ಲಿ ರಕ್ತ ಹರಿದ್ರೂ ಆಕ್ಸಿಜನ್ ಸಿಗಲ್ಲ. ಹಾಗೇ ಬಿಟ್ರೆ ಅಲ್ಲೇ ಕಫ ನಿಂತು ನ್ಯುಮೋನಿಯಾಗೆ ದಾರಿಯಾಗುತ್ತೆ.

ಆಪರೇಷನ್ ಆದವರಿಗೆ ಇದು ಬರೋದು ಅಪರೂಪ ಏನಲ್ಲ. ಅರಿವಳಿಕೆ ಕೊಟ್ಟಾಗಲೇ ಉಸಿರು ಮೇಲುಮೇಲಾಗಿರುತ್ತೆ. ನೋವಿಗೆ ಹೆದರಿ ಆಮೇಲೂ ಪೂರ್ತಿ ಎಳೆಯಲ್ಲ. ಅಂಗಾತ ಮಲಗಿದ್ರೆ ಹೊಟ್ಟೆ ಮೇಲಕ್ಕೆ ಒತ್ತುತ್ತೆ. ಕೆಮ್ಮದಿದ್ರೆ ಕಫ ಗಟ್ಟಿಯಾಗಿ ಕೊಳವೆಗೆ ಬಿರಡೆ ಹಾಕಿದಂಗೆ ಕೂರುತ್ತೆ, ಅದರಾಚೆಗಿದ್ದ ಗಾಳಿ ರಕ್ತಕ್ಕೆ ಸೇರಿ ಆ ಭಾಗ ಮುದುಡುತ್ತೆ. ಬೀಡಿ ಸಿಗರೇಟು ಸೇದೋರಿಗೆ, ದಪ್ಪ ಇರೋರಿಗೆ, ಮೊದಲೇ ಎದೆ ತೊಂದರೆ ಇರೋರಿಗೆ ಅಪಾಯ ಜಾಸ್ತಿ. ಶ್ವಾಸಕೋಶದ ಸುತ್ತ ನೀರು ತುಂಬಿದ್ರೂ, ಒಳಗೆ ಗಡ್ಡೆ ಅಡ್ಡ ಬಂದ್ರೂ ಹೀಗಾಗಬಹುದು.

ಮೊಮ್ಮಕ್ಕಳಿರೋರು ಇದನ್ನೂ ಕೇಳಿ. ಕಡಲೆಕಾಯಿ ಪರಿಷೆಯಿಂದ ತಂದ ಕಾಯಿ ಸುಲಿದು ಚಿಕ್ಕ ಮಕ್ಕಳ ಬಾಯಿಗೆ ಇಡೀ ಬೀಜ ಹಾಕಬೇಡಿ. ಅದು ಶ್ವಾಸನಾಳಕ್ಕೆ ಜಾರಿದ್ರೆ ಅಲ್ಲೂ ಇದೇ ಕಥೆ. ತಿನ್ನುವಾಗ ನೆತ್ತಿಗೆ ಹತ್ತಿ, ಆಮೇಲೆ ಕೆಮ್ಮು, ಸುಯ್ ಸುಯ್ ಸದ್ದು ನಿಲ್ಲದಿದ್ರೆ, ಮಗು ಆಡ್ಕೊಂಡಿದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮಾರನೇ ದಿನ ಬೆಳಿಗ್ಗೆ ಮೊದಲು ನೋವಿಗೆ ಔಷಧಿ ಕೊಟ್ರು. ನೋವು ತಡೆದುಕೊಳ್ಳೋದು ದೊಡ್ಡಸ್ತಿಕೆ ಅಲ್ಲ, ನೋವಿದ್ರೆ ಉಸಿರೆಳೆಯೋಕೇ ಆಗಲ್ಲ. ಆಮೇಲೆ ಫಿಸಿಯೋಥೆರಪಿ ಹುಡುಗಿ ಬಂದು ಚೀಲದಿಂದ ಆ ಚೆಂಡಿನ ಸಾಮಾನು ತೆಗೆಸಿದ್ಲು. ಅತ್ತೆ ಕೈಗೆ ತಗೊಂಡವರೇ ಊದುಗೊಳವೆ ಥರ ಉಫ್ ಅಂತ ಊದಿದ್ರು! ಚೆಂಡು ಅಲ್ಲಾಡ್ಲಿಲ್ಲ. "ಅಜ್ಜಿ, ಊದಬೇಡಿ, ಎಳೀರಿ. ಎಳನೀರು ಸ್ಟ್ರಾದಲ್ಲಿ ಹೀರ್ತೀರಲ್ಲ, ಹಂಗೆ" ಅಂದ್ಲು. ಆಗ ಒಂದು ಚೆಂಡು ಎದ್ದಿತು. ಅತ್ತೆ ಮುಖ ನೋಡಬೇಕಿತ್ತು.

ವಿಧಾನ ಇಷ್ಟೇ: ಎದ್ದು ಕೂತು, ಉಸಿರು ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ ನಿಧಾನಕ್ಕೆ ಎಳೀಬೇಕು. 3ರಿಂದ 5 ಸೆಕೆಂಡ್ ಹಿಡಿದು ಬಿಡಬೇಕು. ಎಚ್ಚರ ಇರೋವಾಗ ಗಂಟೆಗೊಮ್ಮೆ 10 ಸಲ ಅಂತ ನಮಗೆ ಹೇಳಿದ್ರು. ತಲೆ ಸುತ್ತಿದ್ರೆ ನಿಲ್ಲಿಸಿ ಸುಧಾರಿಸ್ಕೋಬೇಕು. ಕೆಮ್ಮುವಾಗ ಗಾಯದ ಮೇಲೆ ದಿಂಬು ಒತ್ತಿ ಹಿಡಿದ್ರೆ ನೋವು ಕಮ್ಮಿ, ಹೊಲಿಗೆಗೂ ಆಸರೆ. ಡಾಕ್ಟರು ಹೇಳಿದ ಕೂಡಲೇ ಎಬ್ಬಿಸಿ ನಡೆಸಬೇಕು. ಆಪರೇಷನ್‌ಗೆ ಮುಂಚೆಯೇ ಅಭ್ಯಾಸ ಮಾಡಿಸಿದ್ರೆ ಇನ್ನೂ ಒಳ್ಳೇದು. ಸೇದೋ ಗಂಡಸರು ದಿನಾಂಕ ಗೊತ್ತಾದ ಕೂಡಲೇ, ಆದಷ್ಟು ವಾರಗಳ ಮುಂಚೆಯೇ ಬಿಡಬೇಕು.

ಕಫ ತಾನಾಗಿ ಬರದಿದ್ರೆ ಗಂಟಲಿಂದ ಕೊಳವೆ ಇಳಿಸಿ ತೆಗೀಬೇಕಾಗುತ್ತೆ ಅಂದಿದ್ರು. ದೇವರ ದಯೆ, ಆ ಸಂಜೆ ದಿಂಬು ಅವುಚಿಕೊಂಡು ಕೆಮ್ಮಿದಾಗ ಗಟ್ಟಿ ಕಫ ಬಂತು. ನಾಲ್ಕು ದಿನ ಬಿಟ್ಟು ತೆಗೆದ ಎಕ್ಸ್‌ರೇಯಲ್ಲಿ ಬಿಳುಪು ಮುಕ್ಕಾಲು ಕರಗಿತ್ತು.

"ನಾನೇ ನಿಮ್ಮನ್ನ ಮಲಗಿಸಿಬಿಟ್ಟೆ ಅತ್ತೆ" ಅಂದೆ ಒಂದಿನ. "ಬುಡು, ನಾನೂ ನಿನ್ನ ಬಾಣಂತನದಾಗೆ ಎದ್ದೇಳಕ್ಕೆ ಬಿಟ್ಟಿದ್ನಾ?" ಅಂದ್ರು.

ಎದುರುಮನೆಯವರು ನೆನ್ನೆ ಆ ಚೆಂಡಿನ ಸಾಮಾನು ಕೇಳಿದ್ರು. ಕೊಡ್ಲಿಲ್ಲ, ಬೇಜಾರು ಮಾಡ್ಕೋಬೇಡಿ. ಒಬ್ಬರು ಬಾಯಿಟ್ಟಿದ್ದು ಇನ್ನೊಬ್ಬರಿಗೆ ಆಗಲ್ಲ. ಮೆಡಿಕಲ್ ಶಾಪಲ್ಲಿ ಹೊಸದು ಸಿಗುತ್ತೆ. ಕಲಿಸೋಕೆ ಮಾತ್ರ ಅತ್ತೆಯನ್ನೇ ಕಳಿಸ್ತೀನಿ. ಈಗವರು ಮೂರೂ ಚೆಂಡು ಎಬ್ಬಿಸ್ತಾರೆ.