ದೊಕ್‌ಸನ್‌ಗೆ ಯಾರು ಇಷ್ಟ?

ಕೊರಿಯಾದ ‘ರಿಪ್ಲೈ 1988’ ಧಾರಾವಾಹಿ ನೋಡಿದವರು ಸಿಕ್ಕರೆ ಮಾತು ಒಂದೇ ಕಡೆ ಹೋಗುತ್ತದೆ: ದೊಕ್‌ಸನ್ ಮದುವೆಯಾಗಬೇಕಿದ್ದದ್ದು ಜಂಗ್‌ಹ್ವಾನ್‌ನನ್ನೋ, ಥೇಕ್‌ನನ್ನೋ? ನಮ್ಮ ಹಾಸ್ಟೆಲ್ಲಿನ ರಿಸರ್ಚ್ ಸ್ಕಾಲರುಗಳಲ್ಲೇ ಎರಡು ಪಕ್ಷಗಳಿದ್ದವು. ನನ್ನನ್ನು ಕಾಡುವುದು ಮದುವೆಯಲ್ಲ, ಅದಕ್ಕೂ ಮುಂಚಿನ ಅವಳ ಗೊಂದಲ.

ಸಿಯೋಲಿನ ಒಂದು ಓಣಿಯ ಮನೆಯಲ್ಲಿ ಅವಳು ನಡುವಿನ ಮಗಳು. ಹುಟ್ಟುಹಬ್ಬದ ಕೇಕು ಅಕ್ಕನ ಜೊತೆ ಹಂಚಿಕೊಂಡದ್ದು. ಮೊಟ್ಟೆ ಕಡಿಮೆ ಬಿದ್ದರೆ ಅಕ್ಕನಿಗೆ, ತಮ್ಮನಿಗೆ. (ನಾನೂ ನಡುವಿನವಳೇ, ಈ ಲೆಕ್ಕ ಗೊತ್ತು.) 1988ರ ಒಲಿಂಪಿಕ್ಸ್‌ನಲ್ಲಿ ಮಡಗಾಸ್ಕರ್ ಫಲಕ ಹಿಡಿಯಲು ತಯಾರಾದರೆ ಆ ದೇಶವೇ ಬರುವುದಿಲ್ಲ. ಸಿಕ್ಕಿದ್ದರಲ್ಲಿ ಬೆಳೆದವಳಿಗೆ ಪ್ರೀತಿಯೂ ಯಾರಾದರೂ ಕೊಟ್ಟರೆ ಉಂಟು. ಸನ್‌ವೂಗೆ ನೀನಂದ್ರೆ ಇಷ್ಟ ಎಂದು ಗೆಳತಿಯರು ಹೇಳಿದ ಮೇಲೆ ಅವನತ್ತ ಮನಸ್ಸು ಹೊರಳುತ್ತದೆ. ಅವನಿಗೆ ಬೇಕಿದ್ದದ್ದು ಅವಳ ಅಕ್ಕ ಬೋರಾ! ಮುಂದೆ ಜಂಗ್‌ಹ್ವಾನ್ ವಿಷಯದಲ್ಲೂ ಮೊದಲು ಸುದ್ದಿ, ಆಮೇಲೆ ಇಷ್ಟ.

ಯಾರಿಗೆ ನೀನು ಇಷ್ಟ ಅನ್ನೋದು ಬಿಡು, ನಿನಗೆ ಯಾರು ಇಷ್ಟ ಅಂತ ಗೆಳೆಯ ದೊಂಗ್‌ರ್ಯೊಂಗ್ ಕೊನೆಗೆ ಕೇಳುತ್ತಾನೆ. ಇಡೀ 20 ಕಂತುಗಳಲ್ಲಿ ಅವಳನ್ನು ನಿಜವಾಗಿ ವಿಚಾರಿಸಿಕೊಂಡ ಪ್ರಶ್ನೆ ಇದೊಂದೇ ಅನ್ನಿಸುತ್ತದೆ. ಆದರೆ ಗಂಡ ಯಾರೆಂಬ ಒಗಟನ್ನು ಕಾಯಬೇಕಾದ್ದರಿಂದ ಧಾರಾವಾಹಿ ಅವಳ ಮನಸ್ಸನ್ನೇ ನಮ್ಮಿಂದ ಮುಚ್ಚಿಡುತ್ತದೆ. ಹುಡುಗರ ನಿಟ್ಟುಸಿರಿಗೆ ಕ್ಯಾಮೆರಾ ನಿಂತಷ್ಟು ಹೊತ್ತು ಅವಳ ಮುಖದ ಮೇಲೆ ನಿಲ್ಲುವುದಿಲ್ಲ. ಇದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಆದರೂ ಗೋ ಪಂದ್ಯಕ್ಕೆಂದು ಚೀನಾಕ್ಕೆ ಹೋದ ಥೇಕ್‌ನ ಜೊತೆಗೆ ಹೋಗಿ, ಅವನ ಊಟ ನಿದ್ದೆ ನೋಡಿಕೊಳ್ಳುವ ದೊಕ್‌ಸನ್ ಇದ್ದಾಳೆ. ಅವನಿಗೆ ನೀನು ಇಷ್ಟ ಎಂದು ಅಷ್ಟರವರೆಗೆ ಅವಳಿಗೆ ಯಾರೂ ಹೇಳಿರಲಿಲ್ಲ.