ಬಾವಿಯ ಕೋಲೂ ಸಮಾಂತರ ಶ್ರೇಢಿಯೂ

ಗಣಿತವೆಂದರೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆಯತಕ್ಕ ವಿಷಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ, ಅದೇ ಮಾಧ್ಯಮದಲ್ಲಿ ದೀರ್ಘಕಾಲ ಪಾಠ ಹೇಳಿದ ನನ್ನ ಅನುಭವ ಬೇರೆ. ತನ್ನ ಕೂಲಿಯ ಲೆಕ್ಕವನ್ನು ತಾನೇ ಮಾಡಬಲ್ಲವನನ್ನು ಯಾರೂ ಸುಲಭವಾಗಿ ವಂಚಿಸಲಾರರು. ಸಮಾಂತರ ಶ್ರೇಢಿಯ ಪಾಠ ಇದಕ್ಕೆ ಉತ್ತಮ ನಿದರ್ಶನ.

ಒಂದೇ ಪ್ರಮಾಣದಲ್ಲಿ ಏರುತ್ತ ಅಥವಾ ಇಳಿಯುತ್ತ ಸಾಗುವ ಸಂಖ್ಯೆಗಳ ಸಾಲೇ ಸಮಾಂತರ ಶ್ರೇಢಿ. ಶಿರಿಯದ ಮಕ್ಕಳಿಗೆ ನಾನು ಇದನ್ನು ಬಾವಿಯ ಮೂಲಕ ವಿವರಿಸುತ್ತಿದ್ದೆ. ಮುರಕಲ್ಲಿನ ನೆಲದಲ್ಲಿ ಬಾವಿ ಆಳವಾದಂತೆ ಮಣ್ಣೆತ್ತುವ ಶ್ರಮ ಹೆಚ್ಚುತ್ತದೆ. ಕೂಲಿಯೂ ಹೆಚ್ಚಬೇಕಾದುದು ನ್ಯಾಯ. ಮೊದಲ ಕೋಲಿಗೆ 100 ರೂಪಾಯಿ, ಮುಂದೆ ಕೋಲೊಂದಕ್ಕೆ 20 ರೂಪಾಯಿಯಂತೆ ಏರಿಕೆ ಎಂದು ಮಾತಾಗಿದೆಯೆನ್ನೋಣ. ಹನ್ನೆರಡನೆಯ ಕೋಲಿಗೆ ಎಷ್ಟು? ಅವಸರದ ಹುಡುಗರು 340 ಎನ್ನುವುದುಂಟು. ಆದರೆ ಏರಿಕೆಯಾದುದು ಹನ್ನೊಂದೇ ಸಲ, ಆದುದರಿಂದ 320. ಒಟ್ಟು ಕೂಲಿಗಾಗಿ ಹನ್ನೆರಡು ಸಂಖ್ಯೆಗಳನ್ನೂ ಒಂದೊಂದಾಗಿ ಕೂಡಬೇಕಾಗಿಲ್ಲ. ಮೊದಲನೆಯದೂ ಕೊನೆಯದೂ ಸೇರಿ 420. ಎರಡನೆಯದೂ ಹನ್ನೊಂದನೆಯದೂ ಸೇರಿದರೂ 420. ಇಂತಹ ಆರು ಜೋಡಿಗಳು, ಅಂದರೆ 2,520 ರೂಪಾಯಿ. ಸೂತ್ರ ಮರೆತರೂ ಈ ಜೋಡಿಗಳು ಮರೆಯಲಾರವು.

ಎಲ್ಲ ಏರಿಕೆಯೂ ಸಮಾಂತರವಲ್ಲವೆಂಬುದನ್ನೂ ತಿಳಿದಿರಬೇಕು. ಶೇಕಡಾ 10ರ ಸರಳಬಡ್ಡಿಯಲ್ಲಿ 1,000 ರೂಪಾಯಿಯ ಸಾಲ ವರ್ಷವರ್ಷವೂ 1,100, 1,200, 1,300 ಆಗುತ್ತದೆ. ಚಕ್ರಬಡ್ಡಿಯಲ್ಲಾದರೋ 1,100, 1,210, 1,331. ಮೊದಲ ವರ್ಷ ಎರಡೂ ಒಂದೇ. ಸಾಲಗಾರ ಮೋಸಹೋಗುವುದು ಅಲ್ಲಿಯೇ. ವ್ಯತ್ಯಾಸವನ್ನು ಕಳೆದು ನೋಡುವ ಅಭ್ಯಾಸವಿದ್ದವನಿಗೆ ಎರಡನೆಯ ವರ್ಷವೇ ಗುಟ್ಟು ತಿಳಿಯುತ್ತದೆ.

ಈ ವಿದ್ಯೆ ನಮಗೆ ಹೊಸತಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಶ್ರೇಢಿಯ ಲೆಕ್ಕಗಳಿವೆ. ಮೊದಲ ಪದ ‘ಆದಿ’, ಏರಿಕೆ ‘ಚಯ’, ಪದಗಳ ಸಂಖ್ಯೆ ‘ಗಚ್ಛ’. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಕನ್ನಡದಲ್ಲಿ ಗಣಿತ ಕಲಿಯಲು ಸಾಧ್ಯವೇ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ನಮ್ಮ ಮಕ್ಕಳು ಕನ್ನಡದಲ್ಲಿ ಗಣಿತ ಕಲಿಯುತ್ತ ಬಂದಿದ್ದಾರೆ. ಈ ಅವಕಾಶ ಉಳಿಯುವುದು ಭಾಷಣಗಳಿಂದಲ್ಲ, ತರಗತಿಯಲ್ಲಿ ಕುಳಿತ ಮಕ್ಕಳಿಂದ. ಸುವರ್ಣ ಮಹೋತ್ಸವದ ಈ ಶುಭಾವಸರದಲ್ಲಿ ಹಳೆವಿದ್ಯಾರ್ಥಿಗಳೂ ಹೆತ್ತವರೂ ಇದನ್ನು ನೆನೆಯಲಿ. ವರ್ಷಕ್ಕೊಬ್ಬರಂತೆಯಾದರೂ ಮಕ್ಕಳ ಸಂಖ್ಯೆ ಏರುತ್ತ ಹೋಗಲಿ ಎಂದು ಹಾರೈಸುತ್ತೇನೆ.